ನನ್ನ ರಕ್ತದ ಮೂರನೆಯ ಬಣ್ಣ

ನನಗೆ ದೊಡ್ಡ ರೋಗ ಬಂದಿದೆ ಎಂದು ಡಾಕ್ಟರು ನನಗೆ ಹೇಳಲಿಲ್ಲ. ಮಗ ಹೇಳಲಿಲ್ಲ, ಸೊಸೆಯೂ ಹೇಳಲಿಲ್ಲ. ದನದ ದಲ್ಲಾಳಿ ಯಲ್ಲಪ್ಪನ ಹೆಗಲ ಮೇಲಿದ್ದ ಹಗ್ಗ ಹೇಳಿತು.

ನಮ್ಮ ಕಡೆ ಎಮ್ಮೆ ಮಾರಿದರೆ ಹಗ್ಗ ಕೊಡುವುದಿಲ್ಲ. ಎಮ್ಮೆ ಹೋದರೂ ಅದರ ಹಗ್ಗ ಮನೆಯಲ್ಲೇ ಉಳಿಯಬೇಕು. ಹಗ್ಗ ಹೋದರೆ ಅದರ ಹಿಂದೆ ಮನೆಯ ಹಾಲು ಹೈನವೂ ಹೋಗುತ್ತದೆ ಎಂದು ಹಿರಿಯರು ಹೇಳಿದ್ದಾರೆ, ನಾವೂ ಬಿಟ್ಟಿಲ್ಲ. ಅದಕ್ಕೇ ಕೊಳ್ಳುವವನು ತನ್ನ ಹಗ್ಗ ತಾನೇ ತರುತ್ತಾನೆ. ಬರೀ ರೇಟು ಕೇಳಲು ಬಂದವನ ಕೈ ಖಾಲಿ ಇರುತ್ತದೆ. ಮಾತು ಮುಗಿಸಿ ಹೊಡೆದುಕೊಂಡು ಹೋಗಲು ಬಂದವನ ಹೆಗಲ ಮೇಲೆ ಹೊಸ ಹಗ್ಗ ಇರುತ್ತದೆ. ನಮ್ಮ ಸಾಂಬ್ರಾಣಿ ಊರಿನಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು.

ಅವತ್ತು ಬೆಳಿಗ್ಗೆ ಹಾಲು ಹಿಂಡಿ ಎದ್ದೆ. ಯಲ್ಲಪ್ಪ ಅಂಗಳದಲ್ಲಿ ನಿಂತಿದ್ದ.

"ಆರಾಮ ಅದೀರೇನ್ರಿ, ನೀಲವ್ವಾ?" ಎಂದ.

ಯಲ್ಲಪ್ಪ ಈ ಜನ್ಮದಲ್ಲಿ ನನ್ನ ಜೊತೆ ಮೆತ್ತಗೆ ಮಾತಾಡಿದವನಲ್ಲ. ಅವನ ಬಾಯಿ ಕೇಳಿದರೆ ಎಮ್ಮೆ ಕೂಡ ಬಾಲ ಎತ್ತುತ್ತದೆ. ಹೆಗಲ ಮೇಲೆ ನೋಡಿದೆ. ಹಳದಿ ಬಣ್ಣದ ಹೊಸ ಹಗ್ಗ ಇತ್ತು, ಇನ್ನೂ ಸುರುಳಿ ಬಿಚ್ಚಿರಲಿಲ್ಲ.

"ಯಾರ ಎಮ್ಮಿ ಒಯ್ಯಾಕ ಬಂದೀಯೋ?"

"ಅದು... ಮಲ್ಲೇಶಿ ಹೇಳಿದ್ನಲ್ರಿ. ನಿಮಗ ಗೊತ್ತಿಲ್ಲೇನ್ರಿ?"

"ಮೇವು ಹಾಕಾಕಿ ನಾನು, ಹಾಲು ಹಿಂಡಾಕಿ ನಾನು. ನನಗ ಗೊತ್ತಿಲ್ಲದ ನನ್ನ ಎಮ್ಮಿ ಹೆಂಗ ಮಾರಾಟ ಆದ್ವು?"

ಯಲ್ಲಪ್ಪ ಹುಲ್ಲಿನ ಬಣವೆ ನೋಡಿದ, ಮನೆಯ ಹಂಚು ನೋಡಿದ, ನನ್ನ ಮುಖ ಮಾತ್ರ ನೋಡಲಿಲ್ಲ. ಅಷ್ಟರಲ್ಲಿ ಮಗ ಮಲ್ಲೇಶಿ ಒದ್ದೆ ತಲೆಯಲ್ಲಿ ಓಡಿ ಬಂದ.

"ಅವ್ವಾ, ಒಳಗ ಬಾ. ಹೇಳ್ತೇನಿ."

"ಒಳಗ್ಯಾಕ? ಎಮ್ಮಿ ಹೊರಗ ಅದಾವ, ದಲ್ಲಾಳಿ ಹೊರಗ ಅದಾನ. ಇಲ್ಲೇ ಹೇಳು."

ಅವನು ಹೇಳಿದ. ಅರ್ಧ ಹೇಳಿದ, ಅರ್ಧ ಅತ್ತ. ಹಿಂದಿನದನ್ನೆಲ್ಲ ನಾನೇ ಕೂಡಿಸಿಕೊಂಡೆ.

ಅದಕ್ಕೂ ಕೆಲವು ತಿಂಗಳ ಹಿಂದೆ ಕಣ್ಣಿನ ಪೊರೆ ತೆಗೆಸಲು ದಾಂಡೇಲಿಗೆ ಹೋಗಿದ್ದೆ. ಆಪರೇಶನ್‌ಗೆ ಮೊದಲು ರಕ್ತ ತೆಗೆದರು. ಆಮೇಲೆ "ಈಗ ಬೇಡ, ರಕ್ತ ಕಡಿಮೆ ಇದೆ" ಎಂದು ವಾಪಸ್ ಕಳಿಸಿದರು. ನಂತರ ಮಗ ಹುಬ್ಬಳ್ಳಿಗೆ, ರಕ್ತದ ರೋಗ ನೋಡುವ ಡಾಕ್ಟರಮ್ಮನ ಹತ್ತಿರ ಒಯ್ದ. ಅವರು ಕುತ್ತಿಗೆ ಒತ್ತಿ ನೋಡಿದರು, ಕಂಕುಳು ಒತ್ತಿದರು, ಹೊಟ್ಟೆ ಒತ್ತಿದರು. ಕುತ್ತಿಗೆಯ ಪಕ್ಕದಲ್ಲಿ ಶೇಂಗಾ ಕಾಳಿನಷ್ಟು ಗಂಟುಗಳಿದ್ದವು. ನೋವಿಲ್ಲದ್ದಕ್ಕೆ ನಾನು ಯಾರಿಗೂ ಹೇಳಿರಲಿಲ್ಲ. ನನ್ನನ್ನು ಹೊರಗೆ ಕೂರಿಸಿ ಮಗನ ಜೊತೆ ಮಾತಾಡಿದರು. ಮಗ ಹೊರಗೆ ಬಂದವನೇ ಬುಟ್ಟಿ ತುಂಬ ದಾಳಿಂಬೆ ಕೊಂಡ. "ರಕ್ತ ಆಗ್ತೈತಿ, ತಿನ್ನು" ಎಂದ.

ಅವತ್ತಿನಿಂದ ಮನೆ ಬದಲಾಯಿತು. ಸೊಸೆ ಶಾಂತಾ ನನ್ನ ತಾಟಿಗೆ ಕೇಳದೇ ತುಪ್ಪ ಹಾಕತೊಡಗಿದಳು. ನನ್ನ ಜೊತೆ ಜಗಳ ಆಡುವುದನ್ನು ಬಿಟ್ಟಳು. ಬಂದ ವರ್ಷದಿಂದ ಒಂದು ಮಾತಿಗೆ ಎರಡು ಮಾತು ಕೊಟ್ಟವಳು ಸುಮ್ಮನೆ "ಹೂಂ ಅತ್ತಿ" ಎನ್ನುತ್ತಿದ್ದಳು. ಆಗಲೇ ನನಗೆ ಸಂಶಯ ಬರಬೇಕಿತ್ತು. ದಾಳಿಂಬೆಯ ರುಚಿಯಲ್ಲಿ ಮರೆತೆ.

ಈಗ ಅಂಗಳದಲ್ಲಿ ನಿಂತು ಕೇಳಿದೆ, "ಏನಂದ್ರು ಡಾಕ್ಟರು?"

"ಬಿಳಿ ರಕ್ತಕಣ ಭಾಳ ಆಗ್ಯಾವಂತ. ಕ್ಯಾನ್ಸರ್ ಇರಬಹುದಂತ."

"ಇರಬಹುದು ಅಂದ್ರ ಐತೋ, ಇಲ್ಲೋ?"

"ಐತಿ ಅಂತನ ಅನಸ್ತೈತಿ ಅಂದ್ರು. ಆದರ ಯಾವ ತರದ್ದು ಅಂತ ಗೊತ್ತಾಗಾಕ ಇನ್ನೊಂದು ಪರೀಕ್ಷೆ ಆಗಬೇಕು. ಒಂದು ತರ ಭಾಳ ಜೋರ ಇರ್ತೈತಿ, ಜಲ್ದಿ ದವಾಖಾನಿ ಸೇರಿ ಬಲವಾದ ಔಷಧ ತಗೋಬೇಕು. ಇನ್ನೊಂದು ನಿಧಾನದ್ದು."

"ಮತ್ತ ಯಾವುದಂತ ಗೊತ್ತಾಗೂಕಿಂತ ಮೊದಲs ಎಮ್ಮಿ ಮಾರಿದೆ?"

ಮಗ ದಾಂಡೇಲಿಯಲ್ಲಿ ಕೆಲಸ ಮಾಡುತ್ತಾನೆ, ದಿನಾ ಹೋಗಿ ಬರುತ್ತಾನೆ. ಅಲ್ಲಿಯ ಬಂಗೂರನಗರದಲ್ಲಿ ಬಾಡಿಗೆ ಮನೆ ನೋಡಿಬಿಟ್ಟಿದ್ದ. ಎರಡು ಖೋಲಿ, ಮಾಳಿಗೆಯ ಮೇಲೆ. ದವಾಖಾನೆ ಹತ್ತಿರ, ನನಗೆ ವಿಶ್ರಾಂತಿ, ಮೊಮ್ಮಕ್ಕಳಿಗೆ ಶಾಲೆ ಹತ್ತಿರ. ಎಲ್ಲ ಯೋಚಿಸಿದ್ದ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಮಾಳಿಗೆಯ ಮೇಲೆ ಕುಳಿತು ನಾನು ಏನು ಮಾಡಬೇಕಿತ್ತು? ಗಂಡ ಸತ್ತ ಮೇಲೆ ಈ ಮನೆ ನಿಂತದ್ದು ಎಮ್ಮೆಯ ಕೆಚ್ಚಲಿನ ಮೇಲೆ. ಆಗ ಇದ್ದ ಎರಡು ಎಮ್ಮೆಗಳಲ್ಲಿ ಗೌರಿ ಹಾಲು ಕೊಡುತ್ತಿದ್ದಳು. ಚಂದ್ರಿ ಗಬ್ಬವಿದ್ದಳು, ಚೊಚ್ಚಲು.

ನಾನು ಅಳಲಿಲ್ಲ. ಧೈರ್ಯ ಎಂದು ತಿಳಿಯಬೇಡಿ. ಸಿಟ್ಟು ಅಷ್ಟು ಬಂದಿತ್ತು, ಅಳುವುದಕ್ಕೆ ಜಾಗ ಇರಲಿಲ್ಲ.

"ಕೇಳು ಮಲ್ಲೇಶಿ. ಯಲ್ಲಪ್ಪ, ನೀನೂ ಕೇಳು, ಸಾಕ್ಷಿ ಆಗು. ಆ ಪರೀಕ್ಷೆ ಆಗಲಿ. ಜೋರಿನ ರೋಗ ಅಂತ ಬಂತಂದ್ರ ನಾನs ನನ್ನ ಕೈಯಿಂದ ಎಮ್ಮಿ ಬಿಚ್ಚಿ ಕೊಡ್ತೇನಿ, ನೀ ಹೇಳಿದ ಮಾಳಿಗಿ ಏರ್ತೇನಿ. ನಿಧಾನದ್ದು ಅಂತ ಬಂತಂದ್ರ ಎಮ್ಮಿ ಸುದ್ದಿ ಈ ಮನಿಯಾಗ ಯಾರೂ ಎತ್ತಬಾರದು. ಅಲ್ಲೀತನಕ ಗೂಟದ ಹತ್ರ ಯಾರೂ ಹೋಗಬ್ಯಾಡ್ರಿ."

ಮಗ ಒಪ್ಪಿದ. ಯಲ್ಲಪ್ಪ ತಲೆ ಕೆರೆದುಕೊಂಡ. "ಹಂಗಾದ್ರ ಹಗ್ಗ ಇಲ್ಲೇ ಇರಲಿ. ಮತ್ತ ಹೊತಗೊಂಡು ಬರೋದ್ಯಾಕ" ಎಂದು ದನದ ಮನೆಯ ಗೋಡೆಯ ಗೂಟಕ್ಕೆ ತೂಗುಹಾಕಿ ಹೋದ. ಎಂಥ ಧೈರ್ಯ ನೋಡಿ. ನಾನು ಸಾಯುವುದರಲ್ಲಿ ಅವನಿಗೆ ಅಷ್ಟು ಭರವಸೆ. ದಿನಾ ಹಾಲು ಹಿಂಡುವಾಗ ಆ ಹಳದಿ ಹಗ್ಗ ನನ್ನ ತಲೆಯ ಮೇಲೆಯೇ ನೇತಾಡುತ್ತಿತ್ತು.

ಪರೀಕ್ಷೆಗೆ ತಾಜಾ ರಕ್ತ ಬೇಕು ಎಂದಿದ್ದರು. ನನಗೆ ಬಸ್ಸಿನಲ್ಲಿ ಅಷ್ಟು ದೂರ ಹೋದರೆ ವಾಂತಿ ಬರುತ್ತದೆ ಎಂದು ದಾಂಡೇಲಿಯಲ್ಲೇ ರಕ್ತ ತೆಗೆಸಿ ಮಗ ಹುಬ್ಬಳ್ಳಿಗೆ ಒಯ್ಯುವುದು ಎಂದಾಯಿತು. ರಕ್ತ ತೆಗೆದವನು "ಬಿಸಿಲಿಗೆ ಹಿಡಿಬ್ಯಾಡ್ರಿ, ಇವತ್ತs ಮುಟ್ಟಸ್ರಿ" ಎಂದಷ್ಟೇ ಹೇಳಿದ.

ನಮ್ಮೂರಿಗೆ ವರ್ಷಕ್ಕೆ ಎರಡು ಸಲ ದನಗಳ ಲಸಿಕೆ ಹಾಕುವವರು ಬರುತ್ತಾರೆ. ಲಸಿಕೆಯ ಬಾಟಲಿ ಐಸ್ ತುಂಬಿದ ಡಬ್ಬಿಯಲ್ಲಿ ಇರುತ್ತದೆ. ಕೈಯಲ್ಲಿ ಹಿಡಿದರೂ ಬೈಯುತ್ತಾರೆ: "ಬಿಸಿ ತಾಗಿದ್ರ ಔಷಧ ಸಾಯ್ತೈತಿ." ಎಮ್ಮೆ ಕಟ್ಟಿದ ಮನೆಯವರಿಗೆಲ್ಲ ಇದು ಬಾಯಿಪಾಠ. ಹಾಗಾಗಿ ಶಾಂತಾ ಅಂಗಡಿಯಿಂದ ಐಸ್ ತಂದು ಥರ್ಮಾಸಿನಲ್ಲಿ ತುಂಬಿ, ನನ್ನ ರಕ್ತದ ನಳಿಕೆಯನ್ನು ಅದರೊಳಗೆ ಮುಳುಗಿಸಿ, ಮುಚ್ಚಳ ಬಿಗಿದು, ಮೇಲೆ ಒದ್ದೆ ಅರಿವೆ ಸುತ್ತಿದಳು. ನಾನು ನೋಡಿ "ಶಾಣ್ಯಾಕಿ" ಎಂದುಕೊಂಡೆ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಎರಡು ದಿನಕ್ಕೆ ಮಗನಿಗೆ ಫೋನು ಬಂತು. ರಕ್ತದೊಳಗಿನ ಕಣಗಳು ಸತ್ತಿವೆ, ಪರೀಕ್ಷೆ ಆಗುವುದಿಲ್ಲ, ಮತ್ತೆ ರಕ್ತ ಕೊಡಿ ಎಂದು. ಮಗ ಗಾಬರಿಯಲ್ಲಿ ಮನೆಗೆ ಫೋನು ಮಾಡಿ ಮೊದಲನೆಯ ಅರ್ಧವನ್ನಷ್ಟೇ ಹೇಳಿದ. ಶಾಂತಾ ಫೋನು ಕೆಳಗಿಟ್ಟು ಅಂಗಳದಲ್ಲಿ ಕುಸಿದು ಬಾಯಿ ಬಡಿದುಕೊಂಡಳು. "ಅತ್ತಿ ರಕ್ತನ ಸತ್ತೈತಂತರಿ ಯವ್ವಾ!"

ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಂದರು. ಒಬ್ಬಳು ನನ್ನ ಪಾದ ಮುಟ್ಟಿದಳು. ಇನ್ನೊಬ್ಬಳು, ಹೆಸರು ಬೇಡ, ಮೊದಲಿಂದಲೂ ನನ್ನ ಕಂಚಿನ ಹರಿವಾಣದ ಮೇಲೆ ಕಣ್ಣಿಟ್ಟವಳು, ಅಡುಗೆ ಮನೆಯ ಕಡೆ ಇಣುಕಿದಳು. ನಾನು ಸಗಣಿ ಬಾಚುತ್ತಿದ್ದೆ. ಕೈ ತೊಳೆಯದೇ ಬಂದು ನಡುವೆ ನಿಂತೆ.

"ಹೆಣ ಇನ್ನೂ ಸಗಣಿ ಬಳ್ಯಾಕ ಹತ್ತೈತಿ. ಮುಗಿಯೂತನಕ ತಡೀರಿ. ಶಾಂತಾ, ಎದ್ದು ಚಾ ಇಡು. ಅಳಾಕ ಬಂದಾವರು ಚಾ ಕುಡದು ಹೋಗ್ಲಿ."

ನಕ್ಕವರು ಕಡಿಮೆ, ಚಹಾ ಕುಡಿಯದವರು ಯಾರೂ ಇಲ್ಲ.

ಆದರೆ ಅವರೆಲ್ಲ ಹೋದ ಮೇಲೆ ಗೌರಿಯ ಹತ್ತಿರ ಹೋಗಿ ಕುಳಿತಾಗ ನನ್ನ ಕೈ ನಡುಗಿತು. ರಕ್ತ ಸತ್ತಿದೆ ಎಂದರೆ ಏನು? ಮೈ ಬಿಸಿ ಇದೆ, ಉಸಿರು ಆಡುತ್ತಿದೆ, ಒಳಗೆ ಮಾತ್ರ ಸತ್ತಿದೆಯೇ? ಗೌರಿ ನನ್ನ ಕೈ ಗುರುತಿಸುತ್ತಾಳೆ. ನಡುಗುವ ಕೈಗೆ ಅವಳು ಹಾಲು ಇಳಿಸಲಿಲ್ಲ. ತಿರುಗಿ ನೋಡಿ ಕಾಲು ಎತ್ತಿ ಇಟ್ಟಳು. ಚೊಂಬು ಖಾಲಿ ಹಿಡಿದುಕೊಂಡು ಎದ್ದೆ. ಆ ರೋಗದಲ್ಲಿ ನಾನು ಅತ್ತದ್ದು ಅಷ್ಟೇ, ಖಾಲಿ ಚೊಂಬಿಗೆ.

ಮರುದಿನ ಮಗನಿಗೆ ಹೇಳಿದೆ: "ರಕ್ತ ಒಯ್ಯಾಕ ಡಬ್ಬಿ ಬ್ಯಾಡ, ಥರ್ಮಾಸ್ ಬ್ಯಾಡ. ರಕ್ತಕ್ಕ ನನ್ನ ಮೈಗಿಂತ ಚಲೋ ಡಬ್ಬಿ ಯಾವುದೈತಿ? ನಾನs ಬರ್ತೇನಿ. ವಾಂತಿ ಬಂದ್ರ ಬರಲಿ."

ನಮ್ಮೂರ ಮಕ್ತುಂಸಾಬನಿಗೆ ಒಂದು ಹಳೆಯ ವ್ಯಾನು ಇದೆ. ಅವನು ರಿಪೇರಿಯ ಕೆಲಸದವನು, ತನ್ನ ವ್ಯಾನು ಬಿಟ್ಟು ಊರಿನ ಎಲ್ಲ ಗಾಡಿ ಸರಿ ಮಾಡುತ್ತಾನೆ. ನನ್ನನ್ನು ಮುಂದೆ ಕೂರಿಸಿ ಕಿಟಕಿಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದ.

"ಕಾಕೀ, ವಾಂತಿ ಇದರಾಗ. ಬೈಗುಳ ಎಲ್ಲಾ ನನ್ನ ಕಿವಿಯಾಗ."

"ನಿನ್ನ ವ್ಯಾನ್ ನನಗಿಂತ ಮೊದಲ ಸಾಯ್ತೈತೋ ಮಕ್ತುಂ."

"ಇದಕ್ಕೂ ಭಾಳ ಡಾಕ್ಟರ್ ಕೈ ಬಿಟ್ಟಾರ ಕಾಕೀ. ಆದ್ರೂ ಓಡ್ತೈತಿ ನೋಡ್ರಿ."

ಹಳಿಯಾಳ ದಾಟಿ ಧಾರವಾಡ ಬರುವವರೆಗೆ ಅವನು ಬಾಯಿ ಮುಚ್ಚಲಿಲ್ಲ. ಹಿಂದೆ ಮಗ ಸೊಸೆ ಕಲ್ಲಿನ ಗೊಂಬೆಗಳಂತೆ ಕುಳಿತಿದ್ದರು. ರೋಗಿಯ ಹತ್ತಿರ ಸಾವಿನ ಮುಖ ಹೊತ್ತು ಕೂರುವ ನೂರು ನೆಂಟರಿಗಿಂತ ಇಂಥ ಒಬ್ಬ ಮಕ್ತುಂ ಸಾಕು.

ಹುಬ್ಬಳ್ಳಿಯ ಆ ದವಾಖಾನೆಯ ಪಡಸಾಲೆ ನಮ್ಮ ಸಂತೆಗಿಂತ ಜೋರು. ಎಲ್ಲರ ಕೈಯಲ್ಲೂ ಫೈಲು, ಎಲ್ಲರ ಕಣ್ಣೂ ಒಂದೇ ಬಾಗಿಲಿನ ಮೇಲೆ. ನನ್ನ ಪಕ್ಕದಲ್ಲಿ ಮುಂಡಗೋಡದ ಜೈನಾಬಿ ಎಂಬ ಹೆಂಗಸು ಕುಳಿತಿದ್ದಳು. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಅರ್ಧ ನನ್ನ ಕೈಗಿಟ್ಟಳು. ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದಳು, "ನಮ್ಮನಿಯವರಿಗೆ ಕ್ಯಾನ್ಸರ್ರಿ. ಅವರಿಗೆ ಹೇಳಿಲ್ಲ. ಹೆದರ್ತಾರ."

ಆಕೆಯ ಗಂಡ ಮೆಕ್ಯಾನಿಕ್. ಎರಡು ಕುರ್ಚಿ ಆಚೆ ಟೊಪ್ಪಿಗೆ ಹಾಕಿಕೊಂಡು ಕುಳಿತಿದ್ದ. ಆಕೆ ನೀರು ತರಲು ಎದ್ದು ಹೋದ ಮೇಲೆ ನನ್ನ ಕಡೆ ಬಾಗಿದ.

"ಏನಂದ್ಳು ಅಮ್ಮಾ ಆಕಿ?"

"ನಿನಗ ಬಂದದ್ದು ನಿನಗs ಗೊತ್ತಿಲ್ಲಂತಪಾ."

ಅವನು ನಕ್ಕ. "ಬಂದ ದಿನಾನs ಗೊತ್ತಾತು. ಆಕಿ ಹೆದರ್ತಾಳಂತ ನಾ ಗೊತ್ತಿಲ್ಲದಾಂವನಂಗ ಕುಂತೇನಿ."

ಜೈನಾಬಿ ನೀರು ಹಿಡಿದು ಬರುತ್ತಲೇ ನಾನು ಇಬ್ಬರಿಗೂ ಕೇಳುವಂತೆ ಹೇಳಿದೆ, "ತಂಗೀ, ನಿನ್ನ ಗಂಡಗ ಎಲ್ಲಾ ಗೊತ್ತೈತಿ. ಇಬ್ಬರೂ ನಾಟಕ ಬಿಟ್ಟು ರೊಟ್ಟಿ ತಿನ್ರಿ." ಆಕೆ ನನ್ನನ್ನು ನೋಡಿದಳು, ಗಂಡನನ್ನು ನೋಡಿದಳು, ಸಿಟ್ಟಿನಿಂದ ಅವನ ಭುಜಕ್ಕೆ ಒಂದು ಕೊಟ್ಟಳು. ಆಮೇಲೆ ಅದೇ ಭುಜದ ಮೇಲೆ ಕೈ ಇಟ್ಟುಕೊಂಡೇ ಕುಳಿತಳು. ನಾನು ಮಾಡಿದ್ದು ಸರಿಯೋ ತಪ್ಪೋ, ಬೇರೆಯವರು ಹೇಳಲಿ. ನನ್ನ ಹಿಂದೆ ಕುಳಿತಿದ್ದ ನನ್ನ ಮಗನಿಗೂ ಕೇಳಲಿ ಎಂದೇ ನಾನು ಜೋರಾಗಿ ಹೇಳಿದ್ದು.

ರಕ್ತ ಕೊಟ್ಟ ಮೇಲೆ ಬಿಳಿ ಕೋಟಿನ ಒಬ್ಬ ಹುಡುಗಿ ಹೊರಗೆ ಬಂದಳು. ಆ ಪರೀಕ್ಷೆ ಮಾಡುವವಳು ಅವಳೇ.

"ಹಿಂದಿನ ಸಲ ರಕ್ತ ಐಸಿನಾಗ ಇಟ್ಟಾವರು ಯಾರ್ರಿ? ನಳಿಕಿ ತುಂಬ ಬರೀ ಸತ್ತ ಕಣ ಇದ್ವು."

ಶಾಂತಾ ನೆಲ ನೋಡಿದಳು. ಅವಳ ಕಿವಿ ಕೆಂಪಾದವು. ಮಗ ಅವಳನ್ನು ದುರುಗುಟ್ಟಿ ನೋಡಿದ.

ಆಗ ನನಗೆ ಒಂದೇ ಸಲ ಹಗುರವಾಯಿತು. ಸತ್ತದ್ದು ನಳಿಕೆಯಲ್ಲಿನ ರಕ್ತ, ನನ್ನೊಳಗಿನದಲ್ಲ!

"ಇಟ್ಟಾಕಿ ನನ್ನ ಸೊಸಿ" ಎಂದೆ. "ಚಲೋ ಮಾಡ್ಬೇಕಂತನ ಇಟ್ಟಾಳ. ನಮ್ಮೂರಾಗ ಎಮ್ಮಿ ಔಷಧ ಐಸ್ ಇಲ್ಲದ ಬರೂದಿಲ್ಲ. ಮನುಷ್ಯಾರ ರಕ್ತಕ್ಕ ಐಸ್ ಬ್ಯಾಡ ಅಂತ ನಿಮ್ಮವರು ಯಾರರ ಹೇಳಿದ್ರೇನು?"

ಹುಡುಗಿ "ಇಲ್ಲ, ಹೇಳಬೇಕಾಗಿತ್ತು" ಎಂದಳು. ಒಳ್ಳೆಯವಳು. ಶಾಂತಾ ನನ್ನ ಸೆರಗಿನ ಚುಂಗು ಹಿಡಿದುಕೊಂಡಳು. ಮದುವೆಯಾಗಿ ಬಂದಾಗಿನಿಂದ ನಾನು ಅವಳ ಪರ ಮಾತಾಡಿದ್ದು ಅದೇ ಮೊದಲು ಎಂದು ಆಮೇಲೆ ಮಕ್ತುಂನಿಗೆ ಹೇಳಿದಳಂತೆ.

"ಸತ್ತಿದ್ರ ಏನಾತು? ಎಣಿಸಾಕ ಬರೂದಿಲ್ಲೇನು? ನೀ ಅದನ್ನ ಏನ್ ಮಾಡ್ತೀ?" ಎಂದು ನಾನು ಹುಡುಗಿಯನ್ನು ಕೇಳಿದೆ. ಮಗ "ಅವ್ವಾ, ಅವರಿಗೆ ಕೆಲಸ ಐತಿ" ಎಂದ. ಹುಡುಗಿ ಮಾತ್ರ ನನ್ನ ಪಕ್ಕದಲ್ಲೇ ಕುಳಿತಳು.

"ಅಜ್ಜೀ, ಬಿಳಿ ಕಣದಾಗ ಭಾಳ ಜಾತಿ ಅದಾವ್ರಿ. ಎಲ್ಲಾ ನಮ್ಮ ಮೈ ಕಾಯೂವು. ಆದ್ರ ಕೆಲವು ಜಾತಿ ನೋಡಾಕ ಒಂದs ತರ. ಅವುಗಳ ಮೈಮ್ಯಾಲ ಬ್ಯಾರೆ ಬ್ಯಾರೆ ಗುರುತು ಇರ್ತಾವ. ಒಂದೊಂದು ಗುರುತು ಹುಡುಕಿ ಅದಕ್ಕs ಹೋಗಿ ಅಂಟೂವಂಥ ಪದಾರ್ಥ ನಮ್ಮ ಹತ್ರ ಐತಿ. ಆಂಟಿಬಾಡಿ ಅಂತೀವಿ. ಅದರ ಬೆನ್ನಿಗೆ ಹೊಳಿಯೂ ಬಣ್ಣ ಕಟ್ಟಿರ್ತೀವಿ. ಆಮ್ಯಾಲ ಕಣಗಳನ್ನ ಸಣ್ಣ ದಾರಿಯಾಗ ಒಂದೊಂದs ಬಿಡ್ತೀವಿ. ಲೈಟ್ ಮುಂದ ಹಾಯುವಾಗ ಯಾವುದು ಯಾವ ಬಣ್ಣ ಹೊಳೀತೈತಿ ಅಂತ ಮಶೀನ್ ಎಣಿಸ್ತೈತಿ. ಸತ್ತ ಕಣಕ್ಕ ಎಲ್ಲಾ ಬಣ್ಣನೂ ಹತ್ತಿಬಿಡ್ತಾವ, ಖರೇ ಯಾವುದು ಗೊತ್ತಾಗೂದಿಲ್ಲ."

ನನಗೆ ಮೊದಲು ನಗು ಬಂತು. ಇದನ್ನು ನಾನು ನೋಡಿದ್ದೇನೆ.

ಸುಗ್ಗಿ ಮುಗಿದ ಮೇಲೆ ಕುರಿಯವರು ನಮ್ಮ ಹೊಲಗಳಿಗೆ ಬರುತ್ತಾರೆ. ಗೊಬ್ಬರಕ್ಕೆಂದು ನಾವು ಕುರಿ ನಿಲ್ಲಿಸಿಕೊಳ್ಳುತ್ತೇವೆ. ಒಮ್ಮೊಮ್ಮೆ ಎರಡು ಹಿಂಡು ಕೂಡಿಬಿಡುತ್ತವೆ. ಕುರಿ ಎಲ್ಲ ಕುರಿಯೇ, ಯಾರದು ಯಾವುದು? ಅದಕ್ಕೇ ಒಬ್ಬರು ಬೆನ್ನಿಗೆ ಕೆಂಪು ಬಳಿದಿರುತ್ತಾರೆ, ಇನ್ನೊಬ್ಬರು ಕುತ್ತಿಗೆಗೆ ನೀಲಿ. ಮುಳ್ಳಿನ ಬೇಲಿಯಲ್ಲಿ ಒಂದೇ ಕುರಿ ನುಸುಳುವಷ್ಟು ಸಂದು ಬಿಟ್ಟು ಒಂದೊಂದೇ ಹಾಯಿಸುತ್ತಾರೆ. ಇಬ್ಬರೂ ಸಂದಿನ ಹತ್ತಿರ ನಿಂತು ನನ್ನದು, ನಿನ್ನದು ಎಂದು ಕೂಗುತ್ತಾ ಬೇರೆ ಮಾಡುತ್ತಾರೆ.

ಹುಡುಗಿಗೆ ಇದನ್ನು ಹೇಳಿದೆ. "ಅದs ನೋಡ್ರಿ ಅಜ್ಜೀ, ಖರೇ ಅದs!" ಎಂದಳು.

"ಹಂಗಾದ್ರ ಒಂದು ಮಾತು. ನಮ್ಮಲ್ಲಿ ಒಂದs ಕುರಿ ಮ್ಯಾಲ ಎರಡೂ ಬಣ್ಣ ಕಂಡ್ರ ಅದು ಕಳುವಿನ ಕುರಿ. ಕದ್ದಾಂವ ಹಳೇ ಗುರುತಿನ ಜೋಡಿ ತನ್ನದೊಂದು ಬಳದಿರ್ತಾನ. ನಿನ್ನಲ್ಲೂ ಹಂಗ ಐತೇನು?"

ಹುಡುಗಿ ನಗುವುದನ್ನು ನಿಲ್ಲಿಸಿದಳು. ನನ್ನ ಮುಖವನ್ನು ನೋಡಿದಳು, ಹೇಳಲೋ ಬೇಡವೋ ಎಂದು.

"ಐತ್ರಿ. ಒಂದು ಜಾತಿ ಕಣದ ಮ್ಯಾಲ ಇನ್ನೊಂದು ಜಾತಿ ಗುರುತೂ ಕಂಡ್ರ ಅಲ್ಲೇ ನಮಗ ಸಂಶಯ. ಆದ್ರ ಆ ಎರಡು ಬಣ್ಣ ಎರಡು ರೋಗದಾಗ ಬರ್ತಾವ. ಒಂದು ಜೋರಿಂದು, ಒಂದು ನಿಧಾನದ್ದು. ಅದಕ್ಕ ಮೂರನೇ ಬಣ್ಣ ಹಾಕಿ ನೋಡ್ತೀವಿ. ಮೂರನೇದೂ ಹತ್ತಿತ್ತಂದ್ರ ಹೆಚ್ಚಾಗಿ ನಿಧಾನದ್ದು. ನಿಮ್ಮದು ಯಾವುದಂತ ಡಾಕ್ಟರ್ ಹೇಳ್ತಾರ. ನಾ ಇಷ್ಟು ಹೇಳೀನಂತ ಅವರ ಮುಂದ ಅನಬ್ಯಾಡ್ರಿ, ಅಜ್ಜೀ."

ಒಳಗೆ ಹೋದಳು. ಬಾಗಿಲು ಮುಚ್ಚಿತು. ಆ ಬಾಗಿಲಿನ ಹಿಂದೆ ನನ್ನ ಕುರಿಗಳು ಸಂದು ಹಾಯಲು ಸಾಲು ಹಚ್ಚಿವೆ ಎಂದುಕೊಂಡೆ. ಎರಡು ಬಣ್ಣ ಆದರೆ ಯಲ್ಲಪ್ಪನಿಗೆ ಎಮ್ಮೆ. ಮೂರು ಬಣ್ಣ ಆದರೆ ನನಗೆ. ಅಷ್ಟು ಸರಳವಾಯಿತು. ಹೆದರಿಕೆ ಹೋಗಲಿಲ್ಲ, ಆದರೆ ಹೆದರಿಕೆಗೆ ಒಂದು ಆಕಾರ ಬಂತು. ಆಕಾರ ಇದ್ದದ್ದನ್ನು ಬೈಯಬಹುದು. ಅಲ್ಲಿಯತನಕ ನಾನು ಗಾಳಿಯನ್ನು ಬೈಯುತ್ತಿದ್ದೆ.

ಫಲಿತಾಂಶ ಬರುವವರೆಗೆ ಮನೆಯಲ್ಲಿ ಯಾರಿಗೂ ಸಮಾಧಾನ ಇರಲಿಲ್ಲ. ಶಾಂತಾ ನನ್ನ ಹೆಸರಿನಲ್ಲಿ ಉಳವಿಯ ಗುಡಿಗೆ ನಡೆದು ಬರುತ್ತೇನೆ ಎಂದು ಹರಕೆ ಹೊತ್ತಳು. "ನಿನ್ನ ಹರಕಿ, ನಿನ್ನ ಕಾಲು. ನಡುದಾರಿಯಾಗ ನನ್ನ ಬೈಬ್ಯಾಡ" ಎಂದೆ. ಚಂದ್ರಿಯ ಹೊಟ್ಟೆ ಕೆಳಗಿಳಿಯುತ್ತಿತ್ತು. ಯಲ್ಲಪ್ಪ ಎರಡು ಸಲ ನಮ್ಮ ಬೇಲಿಯ ಹತ್ತಿರ ಸುಮ್ಮನೆ ಹಾದುಹೋದ. ಎರಡನೆಯ ಸಲ ನಾನು ಒಳಗಿನಿಂದಲೇ "ಇನ್ನೂ ಅದೇನಿ, ಸತ್ತಿಲ್ಲೋ!" ಎಂದು ಕೂಗಿದೆ. ಸೈಕಲ್ ಜೋರು ಮಾಡಿದ.

ಒಂದು ಬೆಳಿಗ್ಗೆ ಕರೆ ಬಂತು. ಮತ್ತೆ ಮಕ್ತುಂನ ವ್ಯಾನು, ಮತ್ತೆ ಪ್ಲಾಸ್ಟಿಕ್ ಚೀಲ. ಡಾಕ್ಟರಮ್ಮ ವರದಿ ತೆಗೆದು ಮಗನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡಿದರು. ನಾನು ಮೇಜಿನ ಮೇಲೆ ಅಂಗೈ ಬಡಿದೆ.

"ಡಾಕ್ಟರಮ್ಮಾರ, ಇತ್ತಾಗ ನೋಡ್ರಿ. ರಕ್ತ ನಂದು. ಅಂವ ಬರೀ ಎಮ್ಮಿ ಮಾರಾಂವ. ನನಗ ಹೇಳ್ರಿ. ಮೂರನೇ ಬಣ್ಣ ಹತ್ತಿತೋ ಇಲ್ಲೋ?"

ಡಾಕ್ಟರಮ್ಮ ಕನ್ನಡಕ ತೆಗೆದರು. "ಮೂರನೇ ಬಣ್ಣದ ಸುದ್ದಿ ನಿಮಗ ಯಾರು ಹೇಳಿದ್ರು?"

"ಕುರಿ ಹೇಳಿದ್ವು."

ಅವರಿಗೆ ತಿಳಿಯಲಿಲ್ಲ, ಆದರೂ ನಕ್ಕರು. ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡರು. ಅವರು ನನ್ನ ಕಣ್ಣು ನೋಡಿ ಮಾತಾಡಿದ್ದು ಅದೇ ಮೊದಲು.

"ಹತ್ತೈತ್ರಿ, ಅಮ್ಮಾ. ನಿಧಾನದ ತರದ್ದು. ಕ್ಯಾನ್ಸರ್ ಹೌದು, ಸುಳ್ಳು ಹೇಳೂದಿಲ್ಲ. ಪೂರ್ತಿ ಹೋಗೂದಿಲ್ಲ. ಆದ್ರ ಈಗ ಅದು ಅವಸರ ಮಾಡಾಕ ಹತ್ತಿಲ್ಲ. ಈಗ ಔಷಧ ಬ್ಯಾಡ. ಮೂರು ತಿಂಗಳಿಗೊಮ್ಮೆ ಬಂದು ರಕ್ತ ತೋರಸ್ರಿ. ಅದು ಹೆಚ್ಚಾತು ಅಂದಾಗ ಶುರು ಮಾಡೂಣು. ಅದಕ್ಕ ಗುಳಿಗಿ ಅದಾವ."

ನನಗಿಂತ ಹೆಚ್ಚು ಗಾಬರಿಯಾದವನು ಮಗ. "ಔಷಧನ ಇಲ್ಲಾ? ಕ್ಯಾನ್ಸರ್ ಅಂತೀರಿ, ಸುಮ್ನ ಮನಿಗೆ ಹೋಗು ಅಂತೀರಿ? ಬ್ಯಾರೆ ಕಡೆ ತೋರಸೂಣೇನ್ರಿ?"

"ತೋರಸ್ರಿ, ಬ್ಯಾಡ ಅನ್ನೂದಿಲ್ಲ" ಎಂದರು ಡಾಕ್ಟರಮ್ಮ. "ಆದ್ರ ಬ್ಯಾಡಾದಾಗ ಔಷಧ ಕೊಟ್ರ ರೋಗಕ್ಕಿಂತ ಔಷಧ ಹೆಚ್ಚು ಕಾಡ್ತೈತಿ."

ಮಗ ಒಳ್ಳೆಯವನು. ಅವನಿಗೆ ಏನಾದರೂ ಮಾಡಬೇಕಿತ್ತು, ಓಡಾಡಬೇಕಿತ್ತು, ಚೀಲ ಹೊರಬೇಕಿತ್ತು. ಸುಮ್ಮನೆ ಇರುವುದೇ ಚಿಕಿತ್ಸೆ ಎಂದರೆ ಮಕ್ಕಳಿಗೆ ತಡೆಯುವುದಿಲ್ಲ. ನಾನು ಎದ್ದು ನಿಂತೆ. "ಕಣ್ಣಿನ ಆಪರೇಶನ್ ಮಾಡಸಬಹುದೇನ್ರಿ?" ಎಂದು ಕೇಳಿದೆ. ಮಾಡಿಸಬಹುದು ಎಂದರು. "ಎಮ್ಮಿ ಕಟ್ಟಬಹುದೇನ್ರಿ?" ಎಂದೆ. ಅದಕ್ಕೆ ಅವರು ಸ್ವಲ್ಪ ಯೋಚಿಸಿದರು. "ಕೈಗೆ ಗಾಯ ಇದ್ದಾಗ ಸಗಣಿ ಮುಟ್ಟಬ್ಯಾಡ್ರಿ. ಜ್ವರ ಬಂದ್ರ ಒಂದ ದಿನಾನೂ ಮನಿಯಾಗ ಕೂಡಬ್ಯಾಡ್ರಿ. ಇಷ್ಟು ಮಾತು ಕೊಟ್ರ ಕಟ್ರಿ."

ಹೊರಗೆ ಬಂದು ಮಗನಿಗೆ ಅಷ್ಟೇ ಹೇಳಿದೆ: "ಕೇಳಿದೆಲ್ಲ?" ಅವನು ತಲೆ ಆಡಿಸಿದ. ಬಂಗೂರನಗರದ ಮನೆಯವರಿಗೆ ಅಲ್ಲಿಂದಲೇ ಫೋನು ಮಾಡಿ ಬೇಡ ಎಂದ.

ಇದಾಗಿ ಎರಡು ವರ್ಷ ಕಳೆದಿವೆ. ನಾನು ಗುಣವಾಗಿಲ್ಲ. ಕುತ್ತಿಗೆಯ ಗಂಟುಗಳು ಅಲ್ಲೇ ಇವೆ, ಒಂದೆರಡು ದೊಡ್ಡವಾಗಿವೆ. ಕೆಲವು ದಿನ ಮಧ್ಯಾಹ್ನವೇ ಮೈಯಲ್ಲಿ ಬಲ ಇರುವುದಿಲ್ಲ, ಒಂದು ಕೊಡ ನೀರು ಬೆಟ್ಟದಂತೆ ಕಾಣುತ್ತದೆ. ಹೋದ ಮಳೆಗಾಲದಲ್ಲಿ ಜ್ವರ ಬಂತು. ಆ ದಿನವೇ ದವಾಖಾನೆ ಸೇರಿದೆ. ಇಂಜೆಕ್ಷನ್ ಚುಚ್ಚಿಸಿಕೊಂಡು ಎಲ್ಲರನ್ನೂ ಬೈಯುತ್ತಾ ಮಲಗಿದೆ, ಆದರೆ ಮಲಗಿದೆ. ಹಟ ಬೇರೆ, ಹುಚ್ಚುತನ ಬೇರೆ. ಒಂದು ದಿನ ಗುಳಿಗೆ ಶುರುವಾಗುತ್ತದೆ, ಅದೂ ಗೊತ್ತು. ಬರಲಿ. ಅದು ಬರುವವರೆಗೆ ನಾನು ಅದರ ದಾರಿ ಕಾಯುತ್ತಾ ಕೂರುವವಳಲ್ಲ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಇಷ್ಟು ಯಾಕೆ ಬರೆದೆ ಎಂದರೆ, ಆ ಪಡಸಾಲೆಯಲ್ಲಿ ಇವತ್ತೂ ಯಾರೋ ಒಬ್ಬಳನ್ನು ಹೊರಗೆ ಕೂರಿಸಿ ಒಳಗೆ ಅವಳ ರಕ್ತದ ಸುದ್ದಿ ಮಾತಾಡುತ್ತಿರುತ್ತಾರೆ. ತಾಯಿ, ಎದ್ದು ಒಳಗೆ ಹೋಗು. ಬಾಗಿಲಿಗೆ ಚಿಲಕ ಇರುವುದಿಲ್ಲ, ನಾನು ನೋಡಿದ್ದೇನೆ.

ಚಂದ್ರಿಯ ಸುದ್ದಿ ಹೇಳಿ ಮುಗಿಸುತ್ತೇನೆ. ನಾವು ಹುಬ್ಬಳ್ಳಿಯಿಂದ ಬಂದ ವಾರದಲ್ಲೇ ಬೆಳಗಿನ ಹೊತ್ತು ಈಯ್ದಳು, ಹೆಣ್ಣು ಕರು. ಗಂಡು ಕರು ಆಗಿದ್ದರೂ ನಾನು ಅಷ್ಟೇ ಖುಷಿಪಡುತ್ತಿದ್ದೆ ಎಂದು ಸುಳ್ಳು ಹೇಳುವುದಿಲ್ಲ. ಕರು ನಡುಗುವ ಕಾಲಲ್ಲಿ ಎದ್ದು ನಿಂತು, ತಾಯಿಯನ್ನು ಬಿಟ್ಟು ಶಾಂತಾಳ ಕಡೆ ಹೊರಟಿತು. ಕಟ್ಟಲು ಹಗ್ಗ ಹುಡುಕಿದೆ. ತಲೆಯ ಮೇಲೆಯೇ ನೇತಾಡುತ್ತಿತ್ತು. ಕೊಯ್ದು ಅರ್ಧ ಮಾಡಿ ಕರುವಿನ ಕೊರಳಿಗೆ ಕಟ್ಟಿದೆ.

ಯಲ್ಲಪ್ಪ ಸುದ್ದಿ ಕೇಳಿ ಬಂದ. ಹೆಗಲು ಖಾಲಿ ಇತ್ತು.

"ನೀಲವ್ವಾ, ಆರಾಮ ಆತಂತ. ಚಲೋ ಆತ್ರಿ. ಮತ್ತ ನನ್ನ ಹಗ್ಗ ಇಲ್ಲೇ ಉಳದಿತ್ತು."

"ಆರಾಮ ಆಗಿಲ್ಲ, ಇನ್ನೂ ಅದೇನಿ. ಹಗ್ಗ ಅಲ್ಲೈತಿ ನೋಡು, ಕರುವಿನ ಕೊರಳಾಗ. ಈ ಮನಿ ದನಕ್ಕ ಕಟ್ಟಿದ ಹಗ್ಗ ಹೊರಗ ಹೋಗೂದಿಲ್ಲ, ನಿನಗ ಗೊತ್ತೈತಿ. ಹೋಗೂ ಮುಂದ ಚಾ ಕುಡದು ಹೋಗು."

ಕುಡಿದ. ಕರು ಆ ಹಳದಿ ಹಗ್ಗದ ತುದಿ ಜಗಿಯುತ್ತಾ ಅವನನ್ನೇ ನೋಡುತ್ತಿತ್ತು.